ಬೋರ್ಡಿನ ಹಿಂದಿನ ಲೆಕ್ಕವೂ ಕನ್ನಡವಾಗಲಿ

(ಪದವಿ ಮೊದಲ ವರ್ಷಕ್ಕೆ ಸೇರಿದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿ ನಮ್ಮ ಬಡಾವಣೆಯ ಗೆಳೆಯರು ಕರೆದಿದ್ದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಪ್ರೊಫೆಸರ್ ಅಲ್ಲ. ಪಿಯುಸಿ ಓದಿದವನು, ಪ್ರೆಸ್ಸು ನಡೆಸುವವನು. ನಮ್ಮಪ್ಪನ ಕಾಲದಲ್ಲಿ ಟ್ರೆಡಲ್ ಮಷೀನು, ಅಚ್ಚುಮೊಳೆ. ನನ್ನ ಕಾಲದಲ್ಲಿ ಆಫ್‌ಸೆಟ್ಟು. ಅಂಥವನನ್ನು ಗಣಿತದ ವಿಷಯ ಮಾತಾಡಲು ಕರೆದಿದ್ದೀರಿ. ಇದು ಕನ್ನಡದ ಸಭೆ, ಇಲ್ಲಿ ಗಣಿತಕ್ಕೇನು ಕೆಲಸ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದೂ ನನ್ನ ಕಿವಿಗೆ ಬಿತ್ತು. ಕೆಲಸ ಇದೆ ಸ್ವಾಮಿ. ಬಹಳ ಇದೆ. ಅರ್ಧ ಗಂಟೆ ಕೊಡಿ, ಹೇಳುತ್ತೇನೆ.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಲೆಕ್ಕ ಮಾಡಿದ ಹುಡುಗ ಹುಡುಗಿಯರು ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ವಾರವೇ "ನನಗೆ ಮ್ಯಾಥ್ಸ್ ಆಗಲ್ಲ" ಎನ್ನುತ್ತಾರೆ. ಆಗದೇ ಇರುವುದು ಲೆಕ್ಕವೋ, ಲೆಕ್ಕ ಹೇಳುವ ಭಾಷೆಯೋ? ಈ ಪ್ರಶ್ನೆಯನ್ನು ಅವರೂ ಕೇಳಿಕೊಳ್ಳುವುದಿಲ್ಲ, ಮನೆಯವರೂ ಕೇಳುವುದಿಲ್ಲ. ನನ್ನ ಪ್ರೆಸ್ಸಿಗೆ ಕೆಲಸಕ್ಕೆ ಬರುವ ಮಕ್ಕಳಲ್ಲಿ ಇದನ್ನು ವರ್ಷಗಟ್ಟಲೆ ನೋಡಿದ್ದೇನೆ. ಹಾಗಾಗಿ ಒಂದು ಪ್ರಯೋಗ ಮಾಡೋಣ ಅನ್ನಿಸಿತು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಅಮೆರಿಕದ ಕಾಲೇಜಿನ ಒಂದು ಗಣಿತ ಪಠ್ಯ ಸಿಕ್ಕಿತು. ಒಂಬತ್ತು ಮಕ್ಕಳು, ಹದಿನೈದು ಭಾನುವಾರ. ಬೈಂಡಿಂಗ್ ಮೇಜೇ ಬೆಂಚು. ಕಟಿಂಗ್ ಮಾಡಿ ಉಳಿದ ಕಾಗದವೇ ನೋಟ್‌ಬುಕ್ಕು. ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಕನ್ನಡದಲ್ಲಿ. ಒಬ್ಬ ಪರಿಚಯದ ಲೆಕ್ಚರರ್ ತಿಂಗಳಿಗೊಮ್ಮೆ ಬಂದು ನಮ್ಮ ಲೆಕ್ಕ ನೋಡಿಕೊಟ್ಟರು. ಮೂವರು ಕೆಲಸದ ಪಾಳಿ ಬದಲಾಗಿ ನಡುವೆ ಬಿಟ್ಟರು. ಆರು ಜನ ಕೊನೆತನಕ ಬಂದರು. ನಾನೂ ಅವರ ಜೊತೆ ಕುಳಿತೇ ಕಲಿತೆ. ಆ ಪಾಠದಲ್ಲಿ ಏನಿದೆ, ಅದು ಕನ್ನಡಕ್ಕೆ ಯಾಕೆ ಬೇಕು ಎಂಬುದಷ್ಟೇ ಈ ಹೊತ್ತಿನ ನನ್ನ ಮಾತು.

ಇದು ಎಂಥ ಗಣಿತ?

ಅಮೆರಿಕದ ಕಾಲೇಜುಗಳಲ್ಲಿ ಈ ಪಾಠಕ್ಕೆ ಫೈನೈಟ್ ಮ್ಯಾಥಮ್ಯಾಟಿಕ್ಸ್ ಎಂದು ಹೆಸರು. ಒಂದು ಸೆಮಿಸ್ಟರಿನ ಪಾಠ. ಕಾಮರ್ಸ್, ಸಮಾಜ ವಿಜ್ಞಾನ ಓದುವ ಮಕ್ಕಳು ಹೆಚ್ಚಾಗಿ ತೆಗೆದುಕೊಳ್ಳುತ್ತಾರೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಎಂ-೧೧೮ ಎಂಬ ನಂಬರು. ಇದರಲ್ಲಿ ಕ್ಯಾಲ್ಕುಲಸ್ ಇಲ್ಲ. ಅನಂತಕ್ಕೆ ಹೋಗುವ ಮಾತೇ ಇಲ್ಲ. ಎಣಿಸಿ ಮುಗಿಸಬಹುದಾದ ಸಂಗತಿಗಳು ಮಾತ್ರ. ಅದಕ್ಕೇ ನಾವು ಇದಕ್ಕೆ "ಎಣಿಕೆಗೆ ಸಿಗುವ ಗಣಿತ" ಎಂದು ಹೆಸರಿಟ್ಟುಕೊಂಡೆವು. ಗುಂಪುಗಳ ಲೆಕ್ಕ, ಎಣಿಕೆಯ ಉಪಾಯ, ಸಂಭವನೀಯತೆ, ಮಾತೃಕೆ ಅಂದರೆ ಮ್ಯಾಟ್ರಿಕ್ಸ್, ಇರುವ ಸಾಮಗ್ರಿಯಲ್ಲಿ ಹೆಚ್ಚು ಲಾಭ ತೆಗೆಯುವ ಲೆಕ್ಕ, ಬಡ್ಡಿ ಮತ್ತು ಕಂತು. ಇಷ್ಟೇ ಇದರ ಸರಕು.

ಈ ಪಾಠ ಹುಟ್ಟಿದ ಕಥೆ ಕೇಳಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಊರಿನಲ್ಲಿ ಡಾರ್ಟ್‌ಮತ್ ಕಾಲೇಜು ಇದೆ. ಅಲ್ಲಿನ ಜಾನ್ ಕೆಮೆನಿ, ಲಾರಿ ಸ್ನೆಲ್, ಜೆರಾಲ್ಡ್ ಥಾಂಪ್ಸನ್ ಎಂಬ ಮೂವರು ೧೯೫೭ರಲ್ಲಿ ಈ ಹೆಸರಿನ ಪುಸ್ತಕ ತಂದರು. ಅಲ್ಲಿಯವರೆಗೆ ಕಾಲೇಜು ಗಣಿತ ಅಂದರೆ ಕ್ಯಾಲ್ಕುಲಸ್. ಭೌತಶಾಸ್ತ್ರ, ಎಂಜಿನಿಯರಿಂಗ್ ಓದುವವರಿಗೆ ಅದು ಸರಿ. ಸಮಾಜವನ್ನು, ಜೀವಿಗಳನ್ನು ಓದುವವರಿಗೆ ಬೇಕಾದ ಗಣಿತ ಬೇರೆ ಇದೆಯಲ್ಲ, ಅದನ್ನು ಯಾಕೆ ಮೊದಲ ವರ್ಷದಲ್ಲೇ ಕಲಿಸಬಾರದು ಎಂದು ಅವರು ಯೋಚಿಸಿದರು. ಕೆಮೆನಿ ಹುಟ್ಟಿದ್ದು ೧೯೨೬ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ. ೧೯೪೦ರಲ್ಲಿ ಅಮೆರಿಕ ಸೇರಿದವರು. ಐನ್‌ಸ್ಟೈನ್ ಅವರಿಗೆ ಸಹಾಯಕರಾಗಿದ್ದವರು. ಇದೇ ಕೆಮೆನಿ ೧೯೬೪ರಲ್ಲಿ ಥಾಮಸ್ ಕರ್ಟ್ಜ್ ಜೊತೆ ಸೇರಿ ಕಂಪ್ಯೂಟರಿಗೆ ಬೇಸಿಕ್ ಎಂಬ ಭಾಷೆ ಕಟ್ಟಿದರು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದ ಹಲವರು ಮೊದಲು ಕಲಿತದ್ದು ಅದನ್ನೇ.

ಆ ಮನುಷ್ಯ ಎರಡು ಸಲ ಮಾಡಿದ್ದೂ ಒಂದೇ ಕೆಲಸ. ಕೆಲವೇ ಜನರ ಕೈಯಲ್ಲಿದ್ದ ವಿದ್ಯೆಯನ್ನು ಎಲ್ಲ ಹುಡುಗರ ಮೇಜಿನ ಮೇಲೆ ತಂದಿಟ್ಟದ್ದು. ಅವರು ಗಣಿತವನ್ನು ತೆಳು ಮಾಡಲಿಲ್ಲ, ಬಾಗಿಲನ್ನು ಅಗಲ ಮಾಡಿದರು. ಇದೇ ಸರಕು ನಮ್ಮ ಪಿಯು ಕಾಮರ್ಸಿನ ಬೇಸಿಕ್ ಮ್ಯಾಥ್ಸ್‌ನಲ್ಲೂ, ಬಿ.ಕಾಂ.ನ ಲೆಕ್ಕದ ಪೇಪರುಗಳಲ್ಲೂ ಬಿಡಿಬಿಡಿಯಾಗಿ ಬರುತ್ತದೆ. ಆದರೆ ನಮ್ಮ ಬಾಗಿಲು ಅಗಲವಾಗಿದೆಯೇ?

ಕಾಗುಣಿತವೇ ಮೊದಲ ಪಾಠ

ಎಣಿಕೆಯ ಅಧ್ಯಾಯದ ಮೊದಲ ಸೂತ್ರ ಹೀಗಿದೆ. ಒಂದು ಕೆಲಸವನ್ನು ಇಷ್ಟು ರೀತಿ, ಅದರ ಹಿಂದೆ ಇನ್ನೊಂದನ್ನು ಅಷ್ಟು ರೀತಿ ಮಾಡಬಹುದಾದರೆ, ಎರಡೂ ಸೇರಿ ಎಷ್ಟು ರೀತಿ? ಇಷ್ಟನ್ನು ಅಷ್ಟರಿಂದ ಗುಣಿಸು. ಪುಸ್ತಕದಲ್ಲಿ ಇದಕ್ಕೆ ಅಂಗಿ, ಪ್ಯಾಂಟಿನ ಉದಾಹರಣೆ ಕೊಟ್ಟಿದ್ದರು. ನಾನು ಪುಸ್ತಕ ಮುಚ್ಚಿ ಮಕ್ಕಳನ್ನು ಕೇಳಿದೆ: ಕಾಗುಣಿತ ಬರುತ್ತದೇನಪ್ಪಾ?

ಬಂಧುಗಳೇ, ಆ ಪದವನ್ನೇ ನೋಡಿ. ಕಾ-ಗುಣಿತ. ಗುಣಿಸಿದ್ದು! ೩೪ ವ್ಯಂಜನ, ೧೩ ಸ್ವರ. ಒಂದೊಂದು ವ್ಯಂಜನಕ್ಕೂ ಹದಿಮೂರು ಸ್ವರ ಸೇರಿದರೆ ೩೪ × ೧೩ = ೪೪೨ ಅಕ್ಷರ. ಒಂದನೇ ತರಗತಿಯಲ್ಲಿ ಗೋಡೆಗೆ ನೇತುಹಾಕಿದ್ದ ಆ ದೊಡ್ಡ ಪಟ ಇದೇ ಸೂತ್ರದ ಚಿತ್ರ. ಅಮೆರಿಕದ ಹುಡುಗ ಹದಿನೆಂಟನೇ ವಯಸ್ಸಿಗೆ ಅಂಗಿ ಪ್ಯಾಂಟು ಎಣಿಸಿ ಕಲಿಯುವುದನ್ನು ನಮ್ಮ ಮಗು ಆರನೇ ವಯಸ್ಸಿಗೆ ಬಾಯಲ್ಲಿ ಹಾಡಿದೆ. ಅದು ಗಣಿತ ಎಂದು ಯಾರೂ ಹೇಳಿಲ್ಲ, ಅಷ್ಟೇ.

ಇನ್ನೂ ಮುಂದೆ ಹೋಗೋಣ. ಒತ್ತು ಸೇರಿಸಿ. ಒಂದು ವ್ಯಂಜನ, ಅದರ ಕೆಳಗೆ ಇನ್ನೊಂದರ ಒತ್ತು, ಮೇಲೊಂದು ಸ್ವರ. ೩೪ × ೩೪ × ೧೩ = ೧೫,೦೨೮. ಎಲ್ಲವೂ ಬಳಕೆಯಲ್ಲಿ ಇಲ್ಲ ಅನ್ನಿ. ಆದರೂ ಅಷ್ಟೂ ಅಕ್ಷರಕ್ಕೆ ಬೇರೆ ಬೇರೆ ಮೊಳೆ ಎರಕ ಹೊಯ್ದರೆ ಕೇಸು ಇಡಲು ಕಲ್ಯಾಣ ಮಂಟಪ ಬೇಕಾಗುತ್ತಿತ್ತು. ಮೊಳೆ ಮಾಡಿದವರು ಏನು ಮಾಡಿದರು? ಒತ್ತನ್ನು ಬೇರೆ ಮೊಳೆ ಮಾಡಿದರು. ೪೪೨ ಅಕ್ಷರ, ೩೪ ಒತ್ತು. ಒಟ್ಟು ೪೭೬ ಮೊಳೆಯಲ್ಲಿ ೧೫,೦೨೮ ಅಕ್ಷರ ಕೂಡಿಸಬಹುದು. ಕೊಂಬು, ದೀರ್ಘಗಳನ್ನೂ ಬಿಡಿ ಮೊಳೆ ಮಾಡಿ ಲೆಕ್ಕವನ್ನು ಇನ್ನೂ ಇಳಿಸಿದರು. ಗುಣಾಕಾರದ ಭಾರವನ್ನು ಸಂಕಲನಕ್ಕೆ ತಂದ ಈ ಉಪಾಯ ನಮ್ಮಪ್ಪನ ಕಂಪೋಸಿಂಗ್ ಕೋಣೆಯಲ್ಲಿ ದಿನಾ ನಡೆಯುತ್ತಿತ್ತು.

ಸಾಲು ಬೇರೆ, ಗುಂಪು ಬೇರೆ

ಮುಂದಿನ ಪಾಠ ಪರ್ಮ್ಯುಟೇಶನ್ ಮತ್ತು ಕಾಂಬಿನೇಶನ್. ಮಕ್ಕಳು ಬಿಟ್ಟು ಓಡುವುದು ಇಲ್ಲೇ. ನಮ್ಮ ಹಿಂದಿನ ಶಾಲಾ ಪುಸ್ತಕದಲ್ಲಿ ಇವಕ್ಕೆ ಕ್ರಮಯೋಜನೆ, ವಿಕಲ್ಪ ಎಂದು ಹೆಸರಿತ್ತು. ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಬೇಕು, ಕೋಪ ಮಾಡಿಕೊಳ್ಳಬೇಡಿ. ಇಂಗ್ಲಿಷ್ ಗೋಡೆ ಕೆಡವಿ ಅದೇ ಜಾಗದಲ್ಲಿ ಸಂಸ್ಕೃತದ ಗೋಡೆ ಕಟ್ಟಿದರೆ ಹುಡುಗಿಗೆ ಆಚೆ ಕಾಣುವುದು ಏನು? ನಮ್ಮ ಫಿನಿಶಿಂಗ್ ವಿಭಾಗದಲ್ಲಿ ಕೆಲಸ ಮಾಡಿಕೊಂಡು ಸಂಜೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು: "ಸಾರ್, ವಿಕಲ್ಪ ಅಂದ್ರೆ ಬರೀ ಆರಿಸ್ಕೊಳ್ಳೋದಾ? ಹಂಗಂತ ಹೇಳಿದ್ರೆ ಆಗ್ತಿತ್ತಲ್ಲ." ನಾವು ಅಂದಿನಿಂದ ಒಂದನ್ನು ಸಾಲು ಲೆಕ್ಕ, ಇನ್ನೊಂದನ್ನು ಗುಂಪು ಲೆಕ್ಕ ಎಂದು ಕರೆದೆವು. ಸಾಲಿನಲ್ಲಿ ಯಾರು ಮೊದಲು ಎಂಬುದು ಮುಖ್ಯ, ಗುಂಪಿನಲ್ಲಿ ಯಾರು ಇದ್ದಾರೆ ಎಂಬುದಷ್ಟೇ ಮುಖ್ಯ.

ಪ್ರೆಸ್ಸಿನ ಉದಾಹರಣೆ ಕೊಡುತ್ತೇನೆ. ಬಣ್ಣದ ಮುದ್ರಣಕ್ಕೆ ನಾಲ್ಕು ಇಂಕು: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಒಂಟಿ ಬಣ್ಣದ ಮಷೀನಿನಲ್ಲಿ ಒಂದಾದ ಮೇಲೊಂದು ಹೊಡೆಯಬೇಕು. ಯಾವುದು ಮೊದಲು, ಯಾವುದು ಆಮೇಲೆ? ೪ × ೩ × ೨ × ೧ = ೨೪ ಕ್ರಮ. ಇದು ಸಾಲು. ಗಿರಾಕಿ ಬಂದು "ಎರಡೇ ಬಣ್ಣ ಸಾಕು, ಯಾವುದಾದರೂ ಹಾಕಿ" ಅಂದರೆ? ಮೊದಲನೆಯದಕ್ಕೆ ೪, ಎರಡನೆಯದಕ್ಕೆ ೩, ಒಟ್ಟು ೧೨. ಆದರೆ ಹಳದಿ-ಕಪ್ಪು, ಕಪ್ಪು-ಹಳದಿ ಎರಡೂ ಒಂದೇ ಜೋಡಿ. ಎರಡೆರಡು ಸಲ ಎಣಿಸಿದ್ದೇವೆ. ಎರಡರಿಂದ ಭಾಗಿಸಿ, ೬. ಇದು ಗುಂಪು. ಅಷ್ಟೇ ರೀ ಗುಟ್ಟು! ಸಾಲು ಎಣಿಸು, ಎಷ್ಟು ಸಲ ಮರು ಎಣಿಕೆ ಆಗಿದೆಯೋ ಅಷ್ಟರಿಂದ ಭಾಗಿಸು. ಸೂತ್ರ ಬಾಯಿಪಾಠ ಮಾಡಿ ಪಾಸಾಗಿದ್ದವರಿಗೂ ಈ ಭಾಗಾಕಾರ ಯಾಕೆ ಎಂದು ಗೊತ್ತಿರಲಿಲ್ಲ.

ಮಾನ್ಯಖೇಟದ ಲೆಕ್ಕ

ಈ ಗುಂಪು ಲೆಕ್ಕ ಹೊರದೇಶದ್ದು, ನಮ್ಮದಲ್ಲ ಎನ್ನುವವರಿಗೆ ಒಂದು ಸಂಗತಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಅದೇ ದೊರೆಯ ಕಾಲದಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ ಗಣಿತಸಾರಸಂಗ್ರಹ ಬರೆದ. ಇದನ್ನು ನಮ್ಮಲ್ಲಿ ಎಷ್ಟು ಜನ ಹೇಳುತ್ತೇವೆ? ಆ ಗ್ರಂಥ ಸಂಸ್ಕೃತದಲ್ಲಿದೆ. ಆರಂಭದಲ್ಲೇ ಅಮೋಘವರ್ಷನ ಸ್ತುತಿ ಇದೆ. ಅವನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸಲು ಎಷ್ಟು ದಾರಿ ಎಂಬುದಕ್ಕೆ ಯಾವ ಸಂಖ್ಯೆಗೂ ಹೊಂದುವ ನಿಯಮವನ್ನು ಆ ಗ್ರಂಥ ಕೊಡುತ್ತದೆ. ಉದಾಹರಣೆ ಯಾವುದು ಗೊತ್ತೇ? ಊಟದ ಆರು ರುಚಿ! ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಇವನ್ನು ಬೆರೆಸಿದರೆ ಎಷ್ಟು ಬಗೆ? ಒಂದೊಂದೇ ಆದರೆ ೬, ಎರಡೆರಡು ೧೫, ಮೂರು ಮೂರು ೨೦, ನಾಲ್ಕು ನಾಲ್ಕು ೧೫, ಐದೈದು ೬, ಆರೂ ಸೇರಿ ೧. ಒಟ್ಟು ೬೩. ಹೊಯ್ಸಳರ ಕಾಲಕ್ಕೆ ಬಂದರೆ, ೧೨ನೇ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ ಗಣಿತವನ್ನು ನೇರ ಕನ್ನಡದಲ್ಲೇ ಬರೆದ. ಅವನ ಒಂದು ಕೃತಿಯ ಹೆಸರೇ ವ್ಯವಹಾರಗಣಿತ. ಎಂಟು ನೂರು ವರ್ಷದ ಹಿಂದೆ ಕನ್ನಡದಲ್ಲಿ ವ್ಯವಹಾರದ ಲೆಕ್ಕ ಹೇಳಲು ಆಯಿತು. ಇವತ್ತು ಆಗುವುದಿಲ್ಲ ಎನ್ನುವುದು ಯಾವ ನ್ಯಾಯ? ಹೆಮ್ಮೆಪಟ್ಟು ಸುಮ್ಮನಾಗಲು ಇದನ್ನು ಹೇಳುತ್ತಿಲ್ಲ. ಭಾಷೆಗೆ ಶಕ್ತಿ ಇಲ್ಲ ಎಂಬ ನೆಪ ಬೇಡ ಎನ್ನಲು ಹೇಳುತ್ತಿದ್ದೇನೆ.

"ಅಥವಾ" ಮತ್ತು "ಮತ್ತು"

ಪಠ್ಯದಲ್ಲಿ ತರ್ಕದ ಅಧ್ಯಾಯ ಒಂದಿದೆ. ಮಾತನ್ನು ಮಾತಿಗೆ ಕಟ್ಟುವ ಲೆಕ್ಕ. ಇದಕ್ಕೆ ನಾವೇ ಒಂದು ಜಾಹೀರಾತು ಕಟ್ಟಿಕೊಂಡೆವು: "ಪದವೀಧರರು ಅಥವಾ ಡಿಪ್ಲೊಮಾ ಪಡೆದವರು ಮತ್ತು ಕನ್ನಡ ಬಲ್ಲವರು ಅರ್ಜಿ ಹಾಕಬಹುದು." ಈಗ ಹೇಳಿ, ಪದವೀಧರನಿಗೆ ಕನ್ನಡ ಬರಬೇಕೋ ಬೇಡವೋ? "ಪದವಿ ಅಥವಾ ಡಿಪ್ಲೊಮಾ" ಎರಡನ್ನೂ ಒಂದು ಗಂಟು ಕಟ್ಟಿ, ಆಮೇಲೆ "ಮತ್ತು ಕನ್ನಡ" ಎಂದರೆ ಎಲ್ಲರಿಗೂ ಕನ್ನಡ ಬೇಕು. "ಡಿಪ್ಲೊಮಾ ಮತ್ತು ಕನ್ನಡ" ಇವೆರಡನ್ನೇ ಗಂಟು ಕಟ್ಟಿದರೆ ಪದವೀಧರ ಕನ್ನಡದ ಗಾಳಿಯೇ ಸೋಕದೆ ಒಳಗೆ ಬರುತ್ತಾನೆ! ಗಣಿತದಲ್ಲಿ ಗಂಟು ಎಲ್ಲಿ ಎಂದು ತೋರಿಸಲು ಆವರಣ ಚಿಹ್ನೆ ಹಾಕುತ್ತಾರೆ. ಮಾತಿನಲ್ಲಿ ಹಾಕುವುದಿಲ್ಲ, ಮೋಸ ನುಸುಳುವುದು ಅಲ್ಲೇ. ಮನವಿ ಪತ್ರ ಬರೆಯುವ ನಮ್ಮ ಕಾರ್ಯಕರ್ತರು ಈ ಒಂದು ಅಧ್ಯಾಯ ಓದಿದರೂ ಸಾಕು, ಎದುರಿನವರಿಗೆ ನುಣುಚಿಕೊಳ್ಳಲು ಸಂದಿ ಸಿಗುವುದಿಲ್ಲ.

ಲಗ್ನಪತ್ರಿಕೆಯೋ, ಬಿಲ್ ಬುಕ್ಕೋ?

ಈಗ ನನ್ನ ಹೊಟ್ಟೆಪಾಡಿನ ಲೆಕ್ಕ. ಅಂಕಿಗಳನ್ನು ಪಾಠಕ್ಕಾಗಿ ಸರಳ ಮಾಡಿದ್ದೇನೆ. ವಾರಕ್ಕೆ ಮಷೀನು ೪೮ ಗಂಟೆ ಓಡುತ್ತದೆ. ಬೈಂಡಿಂಗ್ ಕಡೆ ೬೪ ಗಂಟೆ ಆಳು ಸಿಗುತ್ತದೆ. ನೂರು ಬಿಲ್ ಬುಕ್ಕಿನ ಒಂದು ಆರ್ಡರಿಗೆ ಮಷೀನು ೨ ಗಂಟೆ, ಬೈಂಡಿಂಗ್ ೫ ಗಂಟೆ, ಲಾಭ ೧,೫೦೦ ರೂಪಾಯಿ. ಸಾವಿರ ಲಗ್ನಪತ್ರಿಕೆಗೆ ಮಷೀನು ೪ ಗಂಟೆ, ಬೈಂಡಿಂಗ್ ಕಡೆಯ ಮಡಿಕೆ ಕೆಲಸ ೩ ಗಂಟೆ, ಲಾಭ ೧,೮೦೦ ರೂಪಾಯಿ. ಯಾವುದನ್ನು ಎಷ್ಟು ಹಿಡಿಯಬೇಕು?

ಯಾರನ್ನು ಕೇಳಿದರೂ ಲಗ್ನಪತ್ರಿಕೆ ಹಿಡಿ, ಲಾಭ ಜಾಸ್ತಿ ಎನ್ನುತ್ತಾರೆ. ಹಿಡಿಯೋಣ. ೧೨ ಆರ್ಡರಿಗೆ ಮಷೀನಿನ ೪೮ ಗಂಟೆ ಮುಗಿಯಿತು. ಲಾಭ ೨೧,೬೦೦. ಆದರೆ ಬೈಂಡಿಂಗಿನವರು ೩೬ ಗಂಟೆ ಮಾತ್ರ ಕೆಲಸ ಮಾಡಿ ೨೮ ಗಂಟೆ ಸುಮ್ಮನೆ ಕುಳಿತರು. ಬರೀ ಬಿಲ್ ಬುಕ್ಕು ಹಿಡಿದರೆ ೧೨ ಆರ್ಡರಿಗೇ ಬೈಂಡಿಂಗ್ ಬಹುತೇಕ ಮುಗಿಯುತ್ತದೆ, ಲಾಭ ೧೮,೦೦೦, ಮಷೀನು ಅರ್ಧ ವಾರ ಖಾಲಿ. ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ, ಒಂದು ಮಷೀನಿನದು, ಒಂದು ಬೈಂಡಿಂಗಿನದು. ಎರಡೂ ಗೆರೆಯ ಒಳಗೆ ಬರುವ ಜಾಗವೇ ನಮ್ಮ ಶಕ್ತಿ. ಹೆಚ್ಚಿನ ಲಾಭ ಆ ಜಾಗದ ಒಂದು ಮೂಲೆಯಲ್ಲೇ ಇರುತ್ತದೆ ಎಂದು ಪಾಠ ಹೇಳುತ್ತದೆ. ಗೆರೆಗಳು ಕೂಡುವ ಮೂಲೆ: ೮ ಬಿಲ್ ಬುಕ್ಕಿನ ಆರ್ಡರು, ೮ ಲಗ್ನಪತ್ರಿಕೆಯ ಆರ್ಡರು. ಮಷೀನು ೧೬ + ೩೨ = ೪೮. ಬೈಂಡಿಂಗ್ ೪೦ + ೨೪ = ೬೪. ಒಂದು ಗಂಟೆಯೂ ಪೋಲಿಲ್ಲ. ಲಾಭ ೧೨,೦೦೦ + ೧೪,೪೦೦ = ೨೬,೪೦೦ ರೂಪಾಯಿ. ಬರೀ ಲಗ್ನಪತ್ರಿಕೆಗಿಂತ ೪,೮೦೦ ಹೆಚ್ಚು!

ಇದಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ಈ ಬಗೆಯ ಲೆಕ್ಕವನ್ನು ೧೯೩೯ರಲ್ಲಿ ಲೆನಿನ್‌ಗ್ರಾಡಿನ ಕಾಂಟೊರೊವಿಚ್ ಎಂಬ ಗಣಿತಜ್ಞ ಬರೆದ. ಪ್ಲೈವುಡ್ ಕಾರ್ಖಾನೆಯವರು ಯಾವ ಮಷೀನಿಗೆ ಎಷ್ಟು ಕೆಲಸ ಹಂಚಬೇಕು ಎಂದು ಕೇಳಿದ್ದೇ ಅದಕ್ಕೆ ಕಾರಣ. ೧೯೪೭ರಲ್ಲಿ ಅಮೆರಿಕದ ಜಾರ್ಜ್ ಡ್ಯಾಂಟ್ಜಿಗ್ ಮೂಲೆಯಿಂದ ಮೂಲೆಗೆ ಹೋಗುತ್ತ ಉತ್ತರ ಹುಡುಕುವ ವಿಧಾನ ಕೊಟ್ಟ. ಕಾಂಟೊರೊವಿಚ್‌ಗೆ ೧೯೭೫ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನೊಬೆಲ್ ಲೆಕ್ಕ ಹುಟ್ಟಿದ್ದು ಪ್ಲೈವುಡ್ ಕಾರ್ಖಾನೆಯಲ್ಲಿ. ಅದು ಪೀಣ್ಯದ ಶೆಡ್ಡಿಗೂ, ನನ್ನ ಪ್ರೆಸ್ಸಿಗೂ ಯಾಕೆ ಬರಬಾರದು? ಅಲ್ಲಿ ಕೆಲಸ ಮಾಡುವವನ ಭಾಷೆಯಲ್ಲಿ ಬಂದರೆ ತಾನೇ ಬರುತ್ತದೆ?

ಹತ್ತು ಪರ್ಸೆಂಟಿನ ಬಣ್ಣ

ಈಗ ಇಡೀ ಪಾಠದಲ್ಲಿ ಬಡವನಿಗೆ ಅತಿ ಹೆಚ್ಚು ಬೇಕಾದ ಅಧ್ಯಾಯಕ್ಕೆ ಬರೋಣ. ಬಡ್ಡಿ ಮತ್ತು ಕಂತು.

ಸೆಕೆಂಡ್ ಹ್ಯಾಂಡ್ ಮಷೀನು ಕೊಳ್ಳಲು ನಾನು ಸಾಲ ವಿಚಾರಿಸುತ್ತಿದ್ದೆ. ಒಂದು ಹಣಕಾಸು ಸಂಸ್ಥೆಯ ಏಜೆಂಟರು ಪ್ರೆಸ್ಸಿಗೇ ಬಂದರು. "ಐದು ಲಕ್ಷ, ಮೂರು ವರ್ಷ, ಬರೀ ಹತ್ತು ಪರ್ಸೆಂಟ್ ಫ್ಲಾಟ್ ಅಣ್ಣ" ಅಂದರು. ಫಾರಂ ತುಂಬ ಇಂಗ್ಲಿಷ್. ಅವರ ಲೆಕ್ಕ ಇಷ್ಟು: ವರ್ಷಕ್ಕೆ ೫೦ ಸಾವಿರ ಬಡ್ಡಿ, ಮೂರು ವರ್ಷಕ್ಕೆ ಒಂದೂವರೆ ಲಕ್ಷ. ಆರೂವರೆ ಲಕ್ಷವನ್ನು ೩೬ ಕಂತು ಮಾಡಿದರೆ ತಿಂಗಳಿಗೆ ೧೮,೦೫೬ ರೂಪಾಯಿ.

ಕೇಳಲು ಚೆನ್ನಾಗಿದೆ. ಆದರೆ ಅಸಲು ತಿಂಗಳು ತಿಂಗಳು ಕರಗುತ್ತಿರುತ್ತದೆ ಅಲ್ಲವೇ? ಕೊನೆಯ ತಿಂಗಳು ನನ್ನ ಮೇಲೆ ಉಳಿಯುವ ಅಸಲು ಹದಿನೆಂಟು ಸಾವಿರಕ್ಕೂ ಕಡಿಮೆ. ಬಡ್ಡಿ ಮಾತ್ರ ಮೂರು ವರ್ಷವೂ ಪೂರ್ತಿ ಐದು ಲಕ್ಷದ ಮೇಲೆಯೇ! ನಿಜವಾಗಿ ಹತ್ತು ಪರ್ಸೆಂಟ್ ಆಗಿದ್ದು, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದ್ದರೆ ಕಂತು ಸುಮಾರು ೧೬,೧೩೪ ರೂಪಾಯಿ ಬರಬೇಕು. ಒಟ್ಟು ಬಡ್ಡಿ ೮೧ ಸಾವಿರದ ಒಳಗೆ. ಅವರು ಹೇಳಿದ ಕಂತನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ನಿಜವಾದ ದರ ವರ್ಷಕ್ಕೆ ಸುಮಾರು ೧೭.೯ ಪರ್ಸೆಂಟ್. ಹತ್ತರ ಬಣ್ಣ ಬಳಿದ ಹದಿನೆಂಟು! ವ್ಯತ್ಯಾಸ ೬೯ ಸಾವಿರ ರೂಪಾಯಿ. ಅಷ್ಟರಲ್ಲಿ ನಮ್ಮ ಹುಡುಗನೊಬ್ಬನ ಹಲವು ತಿಂಗಳ ಸಂಬಳ ಇದೆ.

ಬೈಂಡಿಂಗ್ ಮೇಜಿನ ಮೇಲೆ ಕಾಗದ ಹರವಿ ತಿಂಗಳು ತಿಂಗಳಿನ ಪಟ್ಟಿ ಹಾಕಿ ತೋರಿಸಿದೆ. ಏಜೆಂಟರು ಪಟ್ಟಿ ನೋಡಿದರು, ಟೀ ಕುಡಿದರು, "ಮ್ಯಾನೇಜರ್ ಹತ್ತಿರ ಮಾತಾಡ್ತೀನಿ" ಅಂದರು. ಮತ್ತೆ ಬರಲಿಲ್ಲ. ನಾನು ಬೇರೆ ಕಡೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಸಾಲ ತೆಗೆದುಕೊಂಡೆ. ಆದರೆ ನಮ್ಮ ಬೀದಿಯಲ್ಲಿ ಎಷ್ಟು ಆಟೋದವರು, ಎಷ್ಟು ಹೊಲಿಗೆ ಅಂಗಡಿಯವರು, ಎಷ್ಟು ತರಕಾರಿ ಗಾಡಿಯವರು ಹತ್ತು ಎಂದುಕೊಂಡು ಹದಿನೆಂಟು ಕಟ್ಟುತ್ತಿದ್ದಾರೋ! ಅವರಿಗೆ ಬುದ್ಧಿ ಇಲ್ಲವೇ? ಚೀಟಿ ಹಾಕಿ, ಚೀಟಿ ಕೂಗಿ, ಬಾಯಲ್ಲೇ ಲೆಕ್ಕ ಮಾಡುವ ಜನ ಅವರು. ಬುದ್ಧಿ ಇದೆ, ಕಾಗದದ ಭಾಷೆ ಅವರದಲ್ಲ.

ಇಲ್ಲಿ ಒಂದು ಸಂಗತಿಯನ್ನು ದಯವಿಟ್ಟು ಬರೆದುಕೊಳ್ಳಿ. ೨೦೨೪ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕುಗಳು, ಹಣಕಾಸು ಕಂಪನಿಗಳು ೨೦೨೪ರ ಅಕ್ಟೋಬರ್ ೧ರಿಂದ ಜನಸಾಮಾನ್ಯರಿಗೆ, ಸಣ್ಣ ಉದ್ದಿಮೆಗಳಿಗೆ ಹೊಸದಾಗಿ ಕೊಡುವ ಅವಧಿ ಸಾಲಗಳಿಗೆಲ್ಲ ಮುಖ್ಯ ಸಂಗತಿಗಳ ಒಂದು ಹಾಳೆ ಕೊಡಬೇಕು. ಇಂಗ್ಲಿಷಿನಲ್ಲಿ ಅದನ್ನು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಅದರಲ್ಲಿ ಶುಲ್ಕ ಎಲ್ಲ ಸೇರಿದ ನಿಜವಾದ ವಾರ್ಷಿಕ ದರ ಇರಬೇಕು. ಆ ಹಾಳೆ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ವಿವರಿಸಿಯೂ ಹೇಳಬೇಕು. ಕನ್ನಡದವನಿಗೆ ಕನ್ನಡದಲ್ಲಿ! ನಿಯಮ ನಮ್ಮ ಕಡೆ ಇದೆ. ಬೋರ್ಡು ಕನ್ನಡದಲ್ಲಿರಲಿ ಎಂದು ನಾವು ಬೀದಿಗಿಳಿದು ಕೂಗಿದ್ದೇವೆ, ಸರಿಯಾದ ಕೆಲಸ. ಆದರೆ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗಿ "ಆ ಹಾಳೆಯನ್ನು ಕನ್ನಡದಲ್ಲಿ ಕೊಡಿ" ಎಂದು ಎಷ್ಟು ಜನ ಕೇಳಿದ್ದೇವೆ? ಕೇಳಿ ಪಡೆದರೂ ವಾರ್ಷಿಕ ದರ ಅಂದರೆ ಏನು ಎಂದು ತಿಳಿಯದಿದ್ದರೆ ಆ ಹಾಳೆ ಪೊಟ್ಟಣ ಕಟ್ಟಲಷ್ಟೇ ಲಾಯಕ್ಕು. ಹಕ್ಕು ಸಿಕ್ಕರೆ ಸಾಲದು, ಬಳಸುವ ಲೆಕ್ಕವೂ ಬರಬೇಕು.

ಅದೃಷ್ಟಕ್ಕೂ ಲೆಕ್ಕ ಇದೆ

ಸಂಭವನೀಯತೆಯ ಬಗ್ಗೆ ಎರಡು ಮಾತು. ಒಂದು ಲಾಟರಿ ಇದೆ ಎನ್ನಿ. ಟಿಕೆಟ್ಟು ೧೦ ರೂಪಾಯಿ, ಒಂದು ಲಕ್ಷ 
ಟಿಕೆಟ್ಟು. ಬಂದ ಹಣ ಹತ್ತು ಲಕ್ಷ. ಮೊದಲ ಬಹುಮಾನ ಮೂರು ಲಕ್ಷ, ಸಾವಿರ ರೂಪಾಯಿಯ ನೂರು ಬಹುಮಾನ. ಹಂಚಿದ್ದು ನಾಲ್ಕು ಲಕ್ಷ. ಅಂದರೆ ಒಂದು ಟಿಕೆಟ್ಟಿನ ಸರಾಸರಿ ಬೆಲೆ ೪ ರೂಪಾಯಿ. ನಾಲ್ಕು ರೂಪಾಯಿಯ ಸರಕನ್ನು ಹತ್ತು ಕೊಟ್ಟು ಕೊಳ್ಳುತ್ತಿದ್ದೀರಿ. ಹೆಚ್ಚು ಟಿಕೆಟ್ಟು ಕೊಂಡರೆ ನಷ್ಟ ತುಂಬುವುದಿಲ್ಲ, ನಷ್ಟವೂ ಅಷ್ಟು ಪಟ್ಟು ಆಗುತ್ತದೆ. ಕರ್ನಾಟಕದಲ್ಲಿ ೨೦೦೭ರಲ್ಲಿ ಲಾಟರಿ ನಿಷೇಧವಾಯಿತು. ಅಷ್ಟರೊಳಗೆ ಎಷ್ಟು ಮನೆ ಮುಳುಗಿದವು ಎಂಬುದನ್ನು ಹಿರಿಯರು ಬಲ್ಲರು. ಈಗ ಅದೇ ಆಸೆ ಮೊಬೈಲಿನ ಜೂಜಿನ ರೂಪದಲ್ಲಿ ಜೇಬಿಗೇ ಬಂದಿದೆ. ಈ ಒಂದು ಸರಾಸರಿ ಲೆಕ್ಕ ಕಲಿತ ಹುಡುಗನಿಗೆ ಉಪದೇಶ ಬೇಕಾಗುವುದಿಲ್ಲ.

ಇನ್ನೊಂದು, ಅಕ್ಷರದವರಾದ ನಮಗೆ ಖುಷಿ ಕೊಡುವ ಸಂಗತಿ. ೧೯೧೩ರಲ್ಲಿ ರಷ್ಯಾದ ಮಾರ್ಕೋವ್ ಎಂಬ ಗಣಿತಜ್ಞ ಪುಷ್ಕಿನ್ ಕವಿಯ ಯೆವ್ಗೆನಿ ಒನೆಗಿನ್ ಕಾವ್ಯದಿಂದ ೨೦,೦೦೦ ಅಕ್ಷರ ಎಣಿಸಿದ. ಸ್ವರ ೮,೬೩೮, ಉಳಿದವು ವ್ಯಂಜನ. ಸ್ವರದ ಹಿಂದೆಯೇ ಮತ್ತೆ ಸ್ವರ ಬರುವುದು ನೂರಕ್ಕೆ ಸುಮಾರು ೧೩ ಸಲ. ವ್ಯಂಜನದ ಹಿಂದೆ ಸ್ವರ ಬರುವುದು ನೂರಕ್ಕೆ ಸುಮಾರು ೬೬ ಸಲ. ಈಗಿನ ಅಕ್ಷರ ಗೊತ್ತಿದ್ದರೆ ಮುಂದಿನದನ್ನು ಇಷ್ಟರ ಮಟ್ಟಿಗೆ ಊಹಿಸಬಹುದು ಎಂದು ತೋರಿಸಿದ. ಈ ಲೆಕ್ಕವೂ ಫೈನೈಟ್ ಮ್ಯಾಥಮ್ಯಾಟಿಕ್ಸ್ ಪಾಠದಲ್ಲಿದೆ. ಮೊಬೈಲಿನಲ್ಲಿ ನೀವು ಎರಡಕ್ಷರ ಒತ್ತಿದರೆ ಅದು ಮುಂದಿನ ಪದ ಸೂಚಿಸುತ್ತದಲ್ಲ, ಅದರ ಬೇರು ಇಂಥ ಎಣಿಕೆಯಲ್ಲಿದೆ. ಕನ್ನಡಕ್ಕೆ ಈ ಎಣಿಕೆ ಮಾಡುವವರು ಯಾರು? ಕನ್ನಡವೂ ಬಂದು, ಈ ಗಣಿತವೂ ಬಂದ ಮಕ್ಕಳೇ ಮಾಡಬೇಕು.

ನಾಲ್ಕು ಫಾರಂ ಪುಸ್ತಕ

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದವರು ಬರೆಯಲಿ, ಚೆನ್ನಾಗಿ ಬರೆಯಲಿ. ಆದರೆ ಅರ್ಥವಾಗುವುದು ಮನೆಯ ಮಾತಿನಲ್ಲಿ ಆಗಲಿ. ನಮ್ಮ ಹದಿನೈದು ಭಾನುವಾರದಲ್ಲಿ ನಾನು ಕಂಡದ್ದು ಇದು: ಒಮ್ಮೆ ಕನ್ನಡದಲ್ಲಿ ಹಿಡಿತಕ್ಕೆ ಸಿಕ್ಕ ಲೆಕ್ಕವನ್ನು ಇಂಗ್ಲಿಷಿಗೆ ದಾಟಿಸಲು ಆ ಮಕ್ಕಳಿಗೆ ಒಂದು ಸಂಜೆ ಸಾಕಾಯಿತು. ಮೊದಲೇ ಇಂಗ್ಲಿಷಿನಲ್ಲಿ ಉರು ಹೊಡೆದದ್ದು ಮಾತ್ರ ಪರೀಕ್ಷೆ ಮುಗಿದ ಮರುದಿನ ಹಾರಿಹೋಗಿತ್ತು.

ಆದ್ದರಿಂದ ಈ ಸಭೆಯ ಮುಂದೆ ಒಂದು ಮಾತು ಇಡುತ್ತೇನೆ. ಡೆಮ್ಮಿ ಅಳತೆಯಲ್ಲಿ ೧೬ ಪುಟದ ನಾಲ್ಕು ಫಾರಂ, ಅಂದರೆ ೬೪ ಪುಟದ ಒಂದು ಪುಸ್ತಕ ಮಾಡೋಣ. ಕಾಲೇಜಿನ ಮೊದಲ ವರ್ಷದ ಎಣಿಕೆಗೆ ಸಿಗುವ ಗಣಿತ, ಕನ್ನಡದಲ್ಲಿ. ಅದಕ್ಕೆ ಮೂರು ನಿಯಮ. ಒಂದು, ಉದಾಹರಣೆ ಇಲ್ಲದೆ ಯಾವ ಸೂತ್ರವೂ ಬರಬಾರದು, ಉದಾಹರಣೆ ನಮ್ಮ ಬೀದಿಯದೇ ಆಗಿರಬೇಕು. ಎರಡು, ಪ್ರತಿ ಪದದ ಪಕ್ಕ ಪರೀಕ್ಷೆಯಲ್ಲಿ ಬರುವ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಕೊಡಬೇಕು. ಮೂರು, ಹತ್ತನೇ ತರಗತಿ ಓದಿದ ಒಬ್ಬ ಹುಡುಗಿ ಓದಿ "ತಿಳಿಯಿತು" ಎಂದ ಮೇಲೆಯೇ ಮಷೀನಿಗೆ ಪ್ಲೇಟು ಏರಬೇಕು. ಎಷ್ಟು ದೊಡ್ಡ ಪಂಡಿತರು ಬರೆದಿದ್ದರೂ ಸರಿ!

ಟೈಪಿಂಗ್, ಪ್ಲೇಟು, ಮುದ್ರಣದ ಕೂಲಿ ನನ್ನದು. ಕಾಗದದ ಖರ್ಚನ್ನು ಗೆಳೆಯರು ಹಂಚಿಕೊಳ್ಳಲಿ. ಬರೆಯಲು ಮೂವರು ಲೆಕ್ಚರರುಗಳು ಬೇಕು. ಇಲ್ಲಿ ಕುಳಿತಿರುವ ಮೇಷ್ಟ್ರುಗಳಲ್ಲಿ ಮೂವರು ಕೈ ಎತ್ತಿದರೆ ಇದೇ ತಿಂಗಳು ಕೆಲಸ ಶುರು. ತಮ್ಮಂದಿರೇ, ತಂಗಿಯರೇ, ನಿಮ್ಮ ಕಡೆಯಿಂದ ಬೇಕಾದದ್ದು ಒಂದೇ. "ನನಗೆ ಮ್ಯಾಥ್ಸ್ ಆಗಲ್ಲ" ಎಂದು ಹೇಳುವ ಮೊದಲು, ಆ ಲೆಕ್ಕವನ್ನು ಒಮ್ಮೆ ಕನ್ನಡದಲ್ಲಿ ಕೇಳಿ ನೋಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿನ ಬಾಗಿಲು ತೆಗೆದಿರುತ್ತದೆ. ಪೆನ್ಸಿಲು ತನ್ನಿ, ಕಾಗದ ನಾನು ಕೊಡುತ್ತೇನೆ.

ಸಿರಿಗನ್ನಡಂ ಗೆಲ್ಗೆ.